ಗಾಳಿಯ ಮಾತು, ಕಾರ್ಡಿನ ಕಿವಿ: ನಿಸ್ತಂತು ಜಾಲಸಂಚಾರವನ್ನು ಸೆರೆಹಿಡಿದ ಚರಿತ್ರೆ

ಪೀಠಿಕೆ

ವೈ-ಫೈ ಎಂದರೆ ರೇಡಿಯೊ ಅಲೆ. ಅದು ಕಳಿಸಿದವರ ಕೋಣೆಯಲ್ಲೇ ನಿಲ್ಲುವುದಿಲ್ಲ. ಹಾಗಿರುವಾಗ ಅದರ ಸಂಚಾರವನ್ನು ಮೇಜಿನ ಗಣಕದಲ್ಲಿ ಹಿಡಿದಿಡುವುದು ತಂತಿಯ ಸಂಚಾರವನ್ನು ಹಿಡಿಯುವುದಕ್ಕಿಂತ ಸುಲಭವಾಗಬೇಕಿತ್ತು. ಆದದ್ದು ತಿರುಗುಮುರುಗು. ತಂತಿಯ ಜಾಲದಲ್ಲಿ 1990ರ ದಶಕಕ್ಕೇ ಸಲೀಸಾಗಿದ್ದ ಈ ಕೆಲಸ ನಿಸ್ತಂತು ಜಾಲದಲ್ಲಿ ಬಹುಕಾಲ ಕೆಲವೇ ಬಗೆಯ ಕಾರ್ಡುಗಳಿದ್ದವರಿಗೆ ಮಾತ್ರ ಒದಗಿತು. ಅಡ್ಡಿ ಇದ್ದದ್ದು ಕಾರ್ಡ್ ಮತ್ತು ಡ್ರೈವರ್‌ಗಳಲ್ಲಿ ಎಂಬುದು ಈ ಲೇಖನದ ವಾದ. ಆ ಅಡ್ಡಿ ಸರಿದಾಗಲೇ ವೈ-ಫೈ ಬೀಗದ ಹುಳುಕೂ ಪ್ರಯೋಗದಲ್ಲಿ ಸಾಬೀತಾಯಿತು.

ತಂತಿಯಿಂದ ಬಂದ ಬಳುವಳಿ

ಹಳೆಯ ಈಥರ್‌ನೆಟ್‌ನಲ್ಲಿ ಒಂದೇ ತಂತಿಗೆ ಸೇರಿದ ಗಣಕಗಳಿಗೆಲ್ಲ ಪ್ರತಿಯೊಂದು ಫ್ರೇಮೂ ತಲುಪುತ್ತಿತ್ತು. ತನ್ನದಲ್ಲದ್ದನ್ನು ಕಾರ್ಡೇ ಬಿಟ್ಟುಬಿಡುತ್ತಿತ್ತು. ಆ ಸೋಸುವಿಕೆಯನ್ನು ನಿಲ್ಲಿಸುವುದೇ ಪ್ರಾಮಿಸ್ಕುಅಸ್ ಮೋಡ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್ ಮತ್ತು ಸ್ಟೀವನ್ ಮೆಕ್ಯಾನ್ 1988ರಲ್ಲಿ, ಹೀಗೆ ಬಂದ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ತಂತ್ರಾಂಶವನ್ನು ರೂಪಿಸಿದರು. ಬೇಡದ ಪ್ಯಾಕೆಟ್‌ಗಳನ್ನು ಕರ್ನಲ್‌ನೊಳಗೇ ಜರಡಿ ಹಿಡಿಯುವ ಬಿಪಿಎಫ್ ವಿಧಾನವನ್ನು ಮೆಕ್ಯಾನ್ ಮತ್ತು ಜೇಕಬ್ಸನ್ 1993ರಲ್ಲಿ ಪ್ರಕಟಿಸಿದರು. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಹೊರತಂದ ಈಥರಿಯಲ್ ತಂತ್ರಾಂಶ, ಹಿಡಿದ ಪ್ಯಾಕೆಟ್‌ಗಳನ್ನು ಪದರ ಪದರವಾಗಿ ಬಿಡಿಸಿ ತೋರಿಸಿತು. 2006ರಿಂದ ಅದರ ಹೆಸರು ವೈರ್‌ಶಾರ್ಕ್.

ಈಥರ್‌ನೆಟ್‌ನ ವೇಷ

1997ರಲ್ಲಿ 802.11 ಮಾನಕ ಬಂದಾಗ ಕಾರ್ಯಾಚರಣ ವ್ಯವಸ್ಥೆಗಳಿಗೆ ಪರಿಚಯವಿದ್ದದ್ದು ಈಥರ್‌ನೆಟ್ ಮಾತ್ರ. ಹೀಗಾಗಿ ಡ್ರೈವರ್‌ಗಳು ನಿಸ್ತಂತು ಫ್ರೇಮಿನ ತಲೆಬರಹವನ್ನು ಕಿತ್ತು, ಈಥರ್‌ನೆಟ್‌ನದನ್ನು ತೊಡಿಸಿ ಒಳಗೆ ಕಳಿಸುತ್ತಿದ್ದವು. ಸಾಮಾನ್ಯ ಬಳಕೆದಾರರಿಗೆ ಇದರಿಂದ ಅನುಕೂಲವೇ ಆಯಿತು. ಸಂಶೋಧಕರಿಗೆ ಮಾತ್ರ ಇದು ನಷ್ಟ. ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ಸಾರುವ ಬೀಕನ್, ಜಾಲಕ್ಕೆ ಸೇರುವ ಕೋರಿಕೆ, ಸ್ವೀಕೃತಿಯ ಸೂಚನೆ, ಅಲೆಯ ಬಲ ಇವೆಲ್ಲ ಕಾರ್ಡಿನ ಹೊಸ್ತಿಲಲ್ಲೇ ಉಳಿದವು. ಪ್ರಾಮಿಸ್ಕುಅಸ್ ಮೋಡ್ ಕೂಡ ಇಲ್ಲಿ ಸಾಲದಾಯಿತು.

ಬೇಕಾಗಿದ್ದದ್ದು ಮಾನಿಟರ್ ಮೋಡ್: ಯಾವ ಜಾಲಕ್ಕೂ ಸೇರದೆ, ಒಂದು ಚಾನೆಲ್‌ನಲ್ಲಿ ಕೇಳಿಬಂದದ್ದನ್ನೆಲ್ಲ ಇದ್ದ ಹಾಗೆಯೇ ಒಪ್ಪಿಸುವ ಸ್ಥಿತಿ. ಇಂಟರ್‌ಸಿಲ್ ಕಂಪನಿಯ ಪ್ರಿಸಂ-2 ಚಿಪ್ ಇದ್ದ ಕಾರ್ಡುಗಳಲ್ಲಿ, ಲಿನಕ್ಸ್ ಡ್ರೈವರ್‌ಗಳ ಮೂಲಕ ಇದು ಮೊದಮೊದಲು ಕೈಗೆಟುಕಿತು. 2001ರಲ್ಲಿ ಮೈಕ್ ಕರ್ಷಾ ಆರಂಭಿಸಿದ, ನಿಸ್ತಂತು ಜಾಲಗಳನ್ನು ಪತ್ತೆಹಚ್ಚುವ ಕಿಸ್ಮೆಟ್ ತಂತ್ರಾಂಶ ಈ ಮೋಡನ್ನೇ ನೆಚ್ಚಿತು.

ಬೀಗದ ಪರೀಕ್ಷೆ

ಡಬ್ಲ್ಯುಇಪಿ ಎಂಬ ಮೊದಲ ವೈ-ಫೈ ಬೀಗ ಪ್ರತಿ ಪ್ಯಾಕೆಟ್‌ಗೂ 24 ಬಿಟ್‌ಗಳ ಒಂದು ಆರಂಭಿಕ ಸಂಖ್ಯೆಯನ್ನು ಬಳಸುತ್ತಿತ್ತು. ಅಂಥ ಸಂಖ್ಯೆಗಳು ಒಟ್ಟು 1,67,77,216 ಮಾತ್ರ. 1,500 ಬೈಟ್‌ಗಳ ಪ್ಯಾಕೆಟ್‌ಗಳು 11 ಮೆಗಾಬಿಟ್ ವೇಗದಲ್ಲಿ ಬಿಡುವಿಲ್ಲದೆ ಹರಿದರೆ ಸುಮಾರು ಐದು ಗಂಟೆಯಲ್ಲಿ ಅವೆಲ್ಲ ಮುಗಿದು, ಹಳೆಯವೇ ಮರುಕಳಿಸಬೇಕು. 2001ರಲ್ಲಿ ಸ್ಕಾಟ್ ಫ್ಲುರರ್, ಇಟ್ಸಿಕ್ ಮಾಂಟಿನ್ ಮತ್ತು ಅಡಿ ಶಮೀರ್, ಈ ಬೀಗದ ಒಡಲಲ್ಲಿದ್ದ ಆರ್‌ಸಿ4 ಎಂಬ ಗೂಢಲಿಪಿ ಕ್ರಮದಲ್ಲಿ ಇನ್ನೂ ಆಳದ ದೋಷವನ್ನು ಗಣಿತದಿಂದ ತೋರಿಸಿದರು.

ಅದೇ ವರ್ಷ ಆಡಂ ಸ್ಟಬಲ್‌ಫೀಲ್ಡ್, ಜಾನ್ ಐಯೊನಿಡಿಸ್ ಮತ್ತು ಏವಿಯಲ್ ರೂಬಿನ್ ಆ ಗಣಿತವನ್ನು ಪ್ರಯೋಗಕ್ಕೆ ಇಳಿಸಿದರು. ಅಂಗಡಿಯಲ್ಲಿ ಸಿಗುವ ಪ್ರಿಸಂ-2 ಕಾರ್ಡನ್ನು ಲಿನಕ್ಸ್‌ಗೆ ಜೋಡಿಸಿ ನಿಜವಾದ ಜಾಲದ ಕೀಲಿಯನ್ನೇ ಹೊರಗೆಳೆದರು. ಕಾಗದದ ಮೇಲಿನ ದೋಷ ಎಲ್ಲರ ಕಣ್ಣಿಗೆ ಬಿದ್ದದ್ದು ಗಾಳಿಯನ್ನು ಯಥಾವತ್ತಾಗಿ ಕೇಳಬಲ್ಲ ಕಾರ್ಡ್ ಇದ್ದುದರಿಂದ. ಡಬ್ಲ್ಯುಇಪಿಯ ಜಾಗಕ್ಕೆ 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2 ಬಂದವು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು, ಸುಮಾರು 40,000 ಪ್ಯಾಕೆಟ್‌ಗಳಿದ್ದರೆ 104 ಬಿಟ್‌ಗಳ ಡಬ್ಲ್ಯುಇಪಿ ಕೀಲಿಯೂ ಎರಡರಲ್ಲೊಮ್ಮೆ ದಕ್ಕುತ್ತದೆ ಎಂದು ತೋರಿಸಿದರು.

ಸೆರೆಹಿಡಿಯುವ ಬಗೆಯಲ್ಲೂ ಈ ಹೊತ್ತಿಗೆ ಶಿಸ್ತು ಮೂಡಿತ್ತು. ಅಲೆಯ ಬಲ, ವೇಗ, ಚಾನೆಲ್‌ಗಳನ್ನು ಪ್ರತಿ ಫ್ರೇಮಿನ ಜೊತೆ ನಮೂದಿಸುವ ರೇಡಿಯೊಟ್ಯಾಪ್ ವಿನ್ಯಾಸ ನೆಟ್‌ಬಿಎಸ್‌ಡಿಯಲ್ಲಿ ಹುಟ್ಟಿ ಬೇರೆಡೆಗೂ ಹಬ್ಬಿತು. 2007ರ ಲಿನಕ್ಸ್ 2.6.22 ಆವೃತ್ತಿಗೆ ನಿಸ್ತಂತು ಡ್ರೈವರ್‌ಗಳಿಗೆ ಸಮಾನ ಚೌಕಟ್ಟಾದ ಎಂಎಸಿ80211 ಸೇರಿದ ಮೇಲೆ ಮಾನಿಟರ್ ಮೋಡ್ ಹಲವು ಕಾರ್ಡುಗಳಿಗೆ ಸಹಜವಾಯಿತು. ವಿಂಡೋಸ್ ಬಳಸುವವರು ಮಾತ್ರ ಬಹುಕಾಲ ಏರ್‌ಪಿಕ್ಯಾಪ್‌ನಂಥ ಪ್ರತ್ಯೇಕ ಯುಎಸ್‌ಬಿ ಸಾಧನವನ್ನು ಕೊಳ್ಳಬೇಕಾಗಿತ್ತು.

ಕೇಳುವ ಹಕ್ಕು

ಕೇಳಲು ಸಾಧ್ಯವಾದದ್ದೆಲ್ಲ ಕೇಳತಕ್ಕದ್ದೇ? ತನ್ನ ಸ್ಟ್ರೀಟ್ ವ್ಯೂ ವಾಹನಗಳು ಬೀಗವಿಲ್ಲದ ಮನೆಜಾಲಗಳ ದತ್ತಾಂಶವನ್ನೂ ಸಂಗ್ರಹಿಸಿದ್ದವೆಂದು ಗೂಗಲ್ 2010ರಲ್ಲಿ ಒಪ್ಪಿಕೊಂಡಿತು. ಇಂಥ ಸಂಚಾರ ರೇಡಿಯೊ ಪ್ರಸಾರದಂತೆ ಸಾರ್ವಜನಿಕರಿಗೆ ಮುಕ್ತ ಎಂಬ ಅದರ ವಾದವನ್ನು 2013ರಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಬೀಗ ಹಾಕದ ಮನೆಯೂ ಮನೆಯೇ ಎಂಬ ನಮ್ಮ ಲೋಕರೂಢಿಯ ವಿವೇಕಕ್ಕೆ ಈ ತೀರ್ಪು ಹತ್ತಿರವಾದುದು.

ಉಪಸಂಹಾರ

ಇಂದು ಒಳಗಿನ ಮಾತು ಬಹುಪಾಲು ಗೂಢಲಿಪಿಯಲ್ಲಿರುತ್ತದೆ. ಡಬ್ಲ್ಯುಪಿಎ2 ಜಾಲದಲ್ಲಿ ಪಾಸ್‌ವರ್ಡ್ ಗೊತ್ತಿದ್ದರೂ, ಸಾಧನ ಜಾಲಕ್ಕೆ ಸೇರುವಾಗಿನ ನಾಲ್ಕು ಸಂದೇಶಗಳ ವಿನಿಮಯ ಸೆರೆಯಾಗದಿದ್ದರೆ ಸಂಚಾರ ಬಿಡಿಸಿಕೊಳ್ಳುವುದಿಲ್ಲ. ಡಬ್ಲ್ಯುಪಿಎ3ರಲ್ಲಿ ಅಷ್ಟೂ ಸಾಲದು. ಉಳಿದದ್ದು ಲಕೋಟೆಯ ಮೇಲಿನ ಬರಹ. ಜಾಲ ಹುಡುಕುವ ಫೋನುಗಳ ವಿಳಾಸ ಹಿಡಿದು ಜನರ ಓಡಾಟ ಗುರುತಿಸಬಹುದಾದ್ದರಿಂದ, 2014ರ ಐಒಎಸ್ 8ರಲ್ಲಿ ಆ್ಯಪಲ್ ಆ ವಿಳಾಸವನ್ನು ಆಗಾಗ ಬದಲಿಸುವ ಉಪಾಯ ತಂದಿತು. ಇದೂ ಗಾಳಿಗೆ ಕಿವಿಗೊಟ್ಟವರು ಎಚ್ಚರಿಸಿದ್ದರ ಫಲ.

ಹಳೆಯ ತೊಡಕು ಮತ್ತೆ ಎದುರಾಗಿದೆ: ಹೊಸ ಮಾನಕದ ಫ್ರೇಮುಗಳು ಹಳೆಯ ಕಾರ್ಡಿಗೆ ಅರ್ಥವಾಗವು. ಆದಕಾರಣ ಕಾರ್ಡುಗಳ ಡ್ರೈವರ್ ತೆರೆದಿರಬೇಕೆಂಬ ಬೇಡಿಕೆಯನ್ನು ಹವ್ಯಾಸಿಗಳ ಹಟವೆಂದು ತಳ್ಳಿಬಿಡಲಾಗದು. ಸ್ವಂತ ಜಾಲವನ್ನು ಇದ್ದ ಹಾಗೆ ಕೇಳಲಾಗದವರು ಅದರ ಬೀಗವನ್ನು ತಯಾರಕರ ಮಾತಿನ ಮೇಲೆಯೇ ನಂಬಬೇಕಾಗುತ್ತದೆ. 2001ರ ತನಕ ಡಬ್ಲ್ಯುಇಪಿಯನ್ನು ನೆಚ್ಚಿದವರು ನಂಬಿದ್ದು ಹಾಗೆಯೇ.