ಭುಜದ ಕೀಲು ಬದಲಾವಣೆ: ಯಾರಿಗೆ ತಕ್ಕುದು ಎಂಬ ಪ್ರಶ್ನೆಯ ಇತಿಹಾಸ

ಸವೆದ ಅಥವಾ ಒಡೆದ ಭುಜದ ಕೀಲನ್ನು ತೆಗೆದು ಅದರ ಜಾಗದಲ್ಲಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲನ್ನು ಕೂರಿಸುವ ಶಸ್ತ್ರಚಿಕಿತ್ಸೆಗೆ ನೂರಮೂವತ್ತು ವರ್ಷಗಳ ಇತಿಹಾಸವಿದೆ. ಈ ಇತಿಹಾಸವನ್ನು ಬರೆದವರು ಹೆಚ್ಚಾಗಿ ಕೃತಕ ಕೀಲಿನ ಆಕಾರ, ಲೋಹ ಮತ್ತು ಜೋಡಣೆಯ ವಿಧಾನಗಳು ಹೇಗೆ ಬದಲಾದವು ಎಂಬುದನ್ನೇ ವಿವರಿಸಿದ್ದಾರೆ. ಆದರೆ ರೋಗಿಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಈ ಚಿಕಿತ್ಸೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ವೈದ್ಯಲೋಕ ಕಲಿತುಕೊಂಡ ಬಗೆ. ಆ ತಿಳಿವಳಿಕೆಯ ಬಹುಪಾಲು ಸೋತ ಶಸ್ತ್ರಚಿಕಿತ್ಸೆಗಳಿಂದಲೇ ಬಂದಿದೆ.

ಭುಜದ ರಚನೆಯನ್ನು ಗಮನಿಸಿದರೆ ಸೋಲಿನ ಕಾರಣ ತಿಳಿಯುತ್ತದೆ. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ಗುಂಡುತಲೆ ಆಳವಾದ ಕುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಾದರೋ ತೋಳೆಲುಬಿನ ದೊಡ್ಡ ಗುಂಡುತಲೆಯು ಹೆಗಲೆಲುಬಿನ ಅಂಚಿನಲ್ಲಿರುವ, ತನಗಿಂತ ಬಹಳ ಚಿಕ್ಕದಾದ ಮತ್ತು ಆಳವಿಲ್ಲದ ಕುಳಿಗೆ ಆತುಕೊಂಡಿರುತ್ತದೆ. ತೋಳು ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಕೀಲು ಅಸ್ಥಿರವಾಗಿರುವುದೂ ಇದರಿಂದಲೇ. ಈ ಅಸ್ಥಿರತೆಯನ್ನು ನಿಭಾಯಿಸುವುದು ರೊಟೇಟರ್ ಕಫ್, ಅಂದರೆ ಗುಂಡುತಲೆಯನ್ನು ಸುತ್ತುವರಿದು ಕುಳಿಯ ಕಡೆಗೆ ಎಳೆದು ಹಿಡಿಯುವ ನಾಲ್ಕು ಸ್ನಾಯುಗಳು ಮತ್ತು ಅವುಗಳ ರಜ್ಜುಗಳ ಗುಂಪು. ಹೆಗಲ ಹೊರಭಾಗವನ್ನು ಮುಚ್ಚಿರುವ ಡೆಲ್ಟಾಯ್ಡ್ ಸ್ನಾಯು ತೋಳನ್ನು ಮೇಲೆತ್ತುವಾಗ ಈ ನಾಲ್ಕು ಸ್ನಾಯುಗಳು ಗುಂಡುತಲೆಯನ್ನು ಜಾರಲು ಬಿಡದೆ ಹಿಡಿದಿರುತ್ತವೆ. ಅವು ಹರಿದುಹೋದರೆ ಡೆಲ್ಟಾಯ್ಡ್ ಎಳೆದಷ್ಟೂ ಗುಂಡುತಲೆ ಮೇಲಕ್ಕೆ ಸರಿದು ಮೇಲಿನ ಎಲುಬಿಗೆ ಒತ್ತುತ್ತದೆಯೇ ಹೊರತು ತೋಳು ಏಳುವುದಿಲ್ಲ. ಕೃತಕ ಕೀಲಿನ ಯಶಸ್ಸು ಎಲುಬಿಗಿಂತ ಹೆಚ್ಚಾಗಿ ಈ ಸ್ನಾಯುಗಳನ್ನು ಅವಲಂಬಿಸಿದೆ ಎಂಬುದು ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು.

ದಾಖಲೆಯಾಗಿರುವ ಮೊದಲ ಭುಜದ ಕೀಲು ಬದಲಾವಣೆ 1893ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಅದಕ್ಕೂ ಕೆಲವು ವರ್ಷ ಮೊದಲೇ ಆನೆದಂತದಿಂದ ಕೃತಕ ಕೀಲುಗಳನ್ನು ಮಾಡಿಸಿದ್ದನು. ಅವನ ಪ್ರಯೋಗಗಳನ್ನು ಅರಿತಿದ್ದ ಜೂಲ್ ಎಮಿಲ್ ಪೆಯಾನ್ ಎಂಬ ಫ್ರೆಂಚ್ ಶಸ್ತ್ರವೈದ್ಯನು ಕ್ಷಯರೋಗದಿಂದ ಭುಜದ ಎಲುಬು ಕೊಳೆತಿದ್ದ 37 ವರ್ಷದ ಒಬ್ಬ ರೋಗಿಗೆ ಇಂಥದೊಂದು ಕೀಲನ್ನು ಕೂರಿಸಿದನು. ಒಬ್ಬ ದಂತವೈದ್ಯನು ತಯಾರಿಸಿಕೊಟ್ಟಿದ್ದ ಆ ಸಾಧನದಲ್ಲಿ ತೋಳೆಲುಬಿನ ಬದಲಿಗೆ ಪ್ಲಾಟಿನಮ್ ಕೊಳವೆಯೂ ಗುಂಡುತಲೆಯ ಬದಲಿಗೆ ಪ್ಯಾರಫಿನ್ನಿನಲ್ಲಿ ಕುದಿಸಿ ಗಟ್ಟಿಗೊಳಿಸಿದ ರಬ್ಬರಿನ ಗುಂಡೂ ಇದ್ದವು. ಪ್ರತಿಜೀವಕ ಔಷಧಗಳಿಲ್ಲದ ಆ ಕಾಲದಲ್ಲಿ ಇಂಥ ರೋಗಿಗೆ ಇದ್ದ ರೂಢಿಯ ಚಿಕಿತ್ಸೆಯೆಂದರೆ ತೋಳನ್ನು ಬುಡದಲ್ಲೇ ಕತ್ತರಿಸುವುದು, ಆದರೆ ರೋಗಿಯು ಅದಕ್ಕೆ ಒಪ್ಪಲಿಲ್ಲ. ಹೀಗೆ ಈ ಶಸ್ತ್ರಚಿಕಿತ್ಸೆಯ ಮೊದಲ ನಿರ್ಧಾರ ವೈದ್ಯನದ್ದಾಗಿದ್ದಷ್ಟೇ ರೋಗಿಯದ್ದೂ ಆಗಿತ್ತು ಎಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಕೆಲಕಾಲ ತೋಳು ಉಪಯೋಗಕ್ಕೆ ಬಂದರೂ ಕ್ಷಯದ ಸೋಂಕು ಮರುಕಳಿಸಿ, ಸುಮಾರು ಎರಡು ವರ್ಷಗಳ ನಂತರ ಕೀಲನ್ನು ತೆಗೆಯಬೇಕಾಯಿತು. ಕೀಲಿನೊಳಗೆ ಸೋಂಕು ಜೀವಂತವಾಗಿದ್ದರೆ ಹೊಸ ಕೀಲನ್ನು ಕೂರಿಸಬಾರದು ಎಂಬ, ಇಂದಿಗೂ ಬದಲಾಗದ ನಿಯಮದ ಮೂಲ ಈ ಮೊದಲ ಪ್ರಕರಣದಲ್ಲೇ ಇದೆ.

ಅದಾದ ಮೇಲೆ ಅರ್ಧ ಶತಮಾನದವರೆಗೆ ಕೃತಕ ಭುಜದ ವಿಷಯದಲ್ಲಿ ಹೇಳಿಕೊಳ್ಳುವಂಥ ಮುನ್ನಡೆ ಆಗಲಿಲ್ಲ. ಆದರೆ ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯನು ಇದೇ ಅವಧಿಯಲ್ಲಿ ಎರಡು ಕೆಲಸಗಳನ್ನು ಮಾಡಿದನು. ರೊಟೇಟರ್ ಕಫ್ ಹರಿಯುವುದರ ಬಗ್ಗೆ ಆಳವಾಗಿ ಅಧ್ಯಯನ ನಡೆಸಿ 1934ರಲ್ಲಿ ಭುಜವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದ್ದು ಒಂದಾದರೆ, ಪ್ರತಿ ಆಸ್ಪತ್ರೆಯೂ ತಾನು ಚಿಕಿತ್ಸೆ ಮಾಡಿದ ಪ್ರತಿಯೊಬ್ಬ ರೋಗಿಯನ್ನೂ ಕಾಲಾನಂತರ ಮತ್ತೆ ಪರೀಕ್ಷಿಸಿ, ಚಿಕಿತ್ಸೆಯಿಂದ ಗುಣವಾಯಿತೇ, ಆಗದಿದ್ದರೆ ಏಕೆ ಎಂಬುದನ್ನು ಬಹಿರಂಗವಾಗಿ ಬರೆದಿಡಬೇಕೆಂದು ಒತ್ತಾಯಿಸಿದ್ದು ಇನ್ನೊಂದು. ಈ ಎರಡನೆಯ ಬೇಡಿಕೆ ಸಹೋದ್ಯೋಗಿಗಳಿಗೆ ರುಚಿಸಲಿಲ್ಲ. ಅವನು ತನ್ನದೇ ಚಿಕ್ಕ ಆಸ್ಪತ್ರೆಯನ್ನು ತೆರೆದು ತನ್ನ ತಪ್ಪುಗಳನ್ನೂ ಸೇರಿಸಿ ಫಲಿತಾಂಶಗಳನ್ನು ಅಚ್ಚುಮಾಡಿದನು. ಕೀಲು ಬದಲಾವಣೆಯ ಕುರಿತು ಇಂದು ರೋಗಿಗೆ ನಂಬುವಂಥ ಅಂಕಿಗಳು ಸಿಗುತ್ತಿದ್ದರೆ ಅದಕ್ಕೆ ಈ ಹಟವೇ ಬುನಾದಿ.

ಆಧುನಿಕ ಅಧ್ಯಾಯ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಅವರಿಂದ ಆರಂಭವಾಗುತ್ತದೆ. ತೋಳೆಲುಬಿನ ಮೇಲ್ತುದಿ ಹಲವು ತುಂಡುಗಳಾಗಿ ಒಡೆದು ಗುಂಡುತಲೆ ಕೀಲಿನಿಂದ ಹೊರಬಿದ್ದಾಗ ಅದನ್ನು ತೆಗೆದುಹಾಕುವುದು ಆಗಿನ ರೂಢಿಯಾಗಿತ್ತು. ಹಾಗೆ ತೆಗೆದ ಮೇಲೆ ಅನೇಕರಿಗೆ ನೋವೂ ಉಳಿಯುತ್ತಿತ್ತು, ತೋಳಿನ ಬಲವೂ ಹೋಗುತ್ತಿತ್ತು. ಇದನ್ನು ಕಂಡ ನೀರ್ ಅವರು ಕೋಬಾಲ್ಟ್ ಮತ್ತು ಕ್ರೋಮಿಯಮ್ ಬೆರೆತ ಲೋಹದಿಂದ ಗುಂಡುತಲೆಯನ್ನು ಮಾಡಿಸಿ 1951ರಿಂದ ಕೂರಿಸತೊಡಗಿದರು ಮತ್ತು 1955ರಲ್ಲಿ 12 ಪ್ರಕರಣಗಳ ಫಲಿತಾಂಶವನ್ನು ಪ್ರಕಟಿಸಿದರು. ಹೀಗೆ ಮುರಿತಕ್ಕೆಂದು ಹುಟ್ಟಿದ ಸಾಧನವನ್ನು ಅವರು ಕ್ರಮೇಣ ಸವೆತದ ಸಂಧಿವಾತಕ್ಕೂ, ಅಂದರೆ ಎಲುಬಿನ ತುದಿಗಳನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ಉಜ್ಜುವ ಸ್ಥಿತಿಗೂ ಬಳಸಿ, 1974ರಲ್ಲಿ ಆ ಅನುಭವವನ್ನು ಬರೆದರು. ಇಂಗ್ಲೆಂಡಿನಲ್ಲಿ ಜಾನ್ ಚಾರ್ನ್ಲಿ ಅವರು ಸೊಂಟದ ಕೀಲಿಗೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲನ್ನು ಬಳಸಿ ಯಶಸ್ವಿಯಾಗಿದ್ದರಿಂದ, ಭುಜದ ಕುಳಿಗೂ ಅದೇ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಹಾಕುವ ಸಂಪೂರ್ಣ ಕೀಲು ಬದಲಾವಣೆ ಎಪ್ಪತ್ತರ ದಶಕದಲ್ಲಿ ರೂಢಿಗೆ ಬಂದಿತು.

ರೊಟೇಟರ್ ಕಫ್ ಗಟ್ಟಿಯಾಗಿದ್ದ ರೋಗಿಗಳಲ್ಲಿ ನೋವು ಗಣನೀಯವಾಗಿ ಇಳಿಯಿತು, ತೋಳೂ ಮೇಲೆದ್ದಿತು. ಕಫ್ ಹರಿದಿದ್ದವರಲ್ಲಿ ಮಾತ್ರ ಕತೆ ಬೇರೆಯಾಯಿತು. ಸ್ನಾಯುಗಳ ಕೊರತೆಯನ್ನು ಯಂತ್ರದಿಂದಲೇ ತುಂಬಬಹುದೆಂಬ ನಂಬಿಕೆಯಿಂದ ಎಪ್ಪತ್ತರ ದಶಕದ ಅನೇಕ ವಿನ್ಯಾಸಕಾರರು ಗುಂಡು ಮತ್ತು ಬಟ್ಟಲನ್ನು ಒಂದಕ್ಕೊಂದು ಬಿಗಿಯಾಗಿ ಸಿಕ್ಕಿಸಿದ ಕೀಲುಗಳನ್ನು ತಯಾರಿಸಿದರು; ತೋಳಿನ ಭಾರವೆಲ್ಲ ಹೆಗಲೆಲುಬಿನ ತೆಳುವಾದ ಅಂಚಿನ ಮೇಲೆ ಬಿದ್ದು, ಆ ಕೀಲುಗಳು ಬುಡದಿಂದಲೇ ಸಡಿಲಗೊಂಡವು ಅಥವಾ ಮುರಿದವು. ಬಿಗಿಯಿಲ್ಲದ ಕೀಲುಗಳಿಗೂ ಕಫ್ ಇಲ್ಲದೆಡೆ ಉಳಿವಿರಲಿಲ್ಲ. ಮೇಲಕ್ಕೆ ಸರಿದ ಗುಂಡುತಲೆ ಪ್ಲಾಸ್ಟಿಕ್ ಹೊದಿಕೆಯ ಒಂದೇ ಅಂಚನ್ನು ಒತ್ತಿ ಒತ್ತಿ, ಮಕ್ಕಳ ಮರದ ಕುದುರೆ ತೂಗಾಡುವಂತೆ ಅದನ್ನು ಅಲುಗಾಡಿಸಿ ಕಿತ್ತುಹಾಕುತ್ತದೆ ಎಂದು 1988ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ತೋರಿಸಿಕೊಟ್ಟಿತು. ನೀರ್ ಅವರು ಇದಕ್ಕೆ ಮೊದಲೇ, 1982ರ ಹೊತ್ತಿಗೆ, ಇಂಥ ರೋಗಿಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿ, ಅವರಿಗೆ ನೋವು ಕಡಿಮೆಯಾಗುವುದು ಮತ್ತು ಕೀಲು ಸ್ಥಿರವಾಗಿರುವುದು ಇಷ್ಟೇ ಗುರಿಯಾಗಿರಬೇಕು, ತೋಳು ತಲೆಯ ಮೇಲಕ್ಕೆ ಏಳುವ ಭರವಸೆಯನ್ನು ಕೊಡಬಾರದು ಎಂದು ಸೂಚಿಸಿದ್ದರು. ಒಂದೇ ಶಸ್ತ್ರಚಿಕಿತ್ಸೆಯಿಂದ ಎಲ್ಲರೂ ಒಂದೇ ಫಲವನ್ನು ನಿರೀಕ್ಷಿಸಬಾರದೆಂಬ ಈ ಪ್ರಾಮಾಣಿಕ ನುಡಿಗೆ ಅವರ ವಿನ್ಯಾಸಗಳಿಗಿಂತ ಹೆಚ್ಚು ಬೆಲೆ ಸಲ್ಲಬೇಕು.

ಆ ಮಿತಿಯನ್ನು ದಾಟಿಸಿದವರು ಫ್ರಾನ್ಸಿನ ದಿಜೋನ್ ನಗರದ ಪಾಲ್ ಗ್ರಾಮಾಂ. ಗುಂಡನ್ನು ಹೆಗಲೆಲುಬಿಗೂ ಬಟ್ಟಲನ್ನು ತೋಳೆಲುಬಿಗೂ ಕೂರಿಸುವ, ಅಂದರೆ ಪ್ರಕೃತಿಯ ರಚನೆಯನ್ನು ತಿರುವುಮುರುವು ಮಾಡುವ ಯತ್ನಗಳು ಹಿಂದೆಯೂ ನಡೆದು ವಿಫಲವಾಗಿದ್ದವು. ಗ್ರಾಮಾಂ ಅವರು ಗುಂಡಿಗೆ ಕತ್ತನ್ನೇ ಇಡದೆ ಅರ್ಧಗೋಳವನ್ನು ನೇರವಾಗಿ ಹೆಗಲೆಲುಬಿಗೆ ಅಂಟಿಸಿ, ತೋಳು ತಿರುಗುವ ಕೇಂದ್ರವನ್ನು ಒಳಕ್ಕೂ ಕೆಳಕ್ಕೂ ಸರಿಸಿದರು. ಇದರಿಂದ ಕೀಲನ್ನು ಕೀಳುವ ಬಲ ಕುಗ್ಗಿತು, ಡೆಲ್ಟಾಯ್ಡ್ ಸ್ನಾಯು ಬಿಗಿಗೊಂಡು ಅದರ ಹೆಚ್ಚಿನ ಎಳೆಗಳು ತೋಳನ್ನೆತ್ತುವ ಕೆಲಸಕ್ಕೆ ದೊರೆತವು, ಕಫ್ ಇಲ್ಲದಿದ್ದರೂ ತೋಳು ಮೇಲೇಳತೊಡಗಿತು. 1985ರಲ್ಲಿ ಆರಂಭವಾದ ಈ ಪ್ರಯೋಗದ ಮೊದಲ 8 ಪ್ರಕರಣಗಳ ವರದಿ 1987ರಲ್ಲಿ ಹೊರಬಂದಿತು. ಪರಿಷ್ಕೃತ ರೂಪ ತೊಂಬತ್ತರ ದಶಕದಲ್ಲಿ ಯುರೋಪಿನಲ್ಲಿಯೂ, ಅಲ್ಲಿಂದ ಸುಮಾರು ಒಂದು ದಶಕದ ಮೇಲೆ ಅಮೆರಿಕದಲ್ಲಿಯೂ ಬಳಕೆಗೆ ಬಂದಿತು.

ತಿರುವುಮುರುವಿನ ಕೀಲಿಗೂ ತನ್ನದೇ ಷರತ್ತುಗಳಿವೆ. ಡೆಲ್ಟಾಯ್ಡ್ ಸ್ನಾಯುವೂ ಅದಕ್ಕೆ ಚಾಲನೆ ಕೊಡುವ ನರವೂ ಸತ್ತ್ವ ಕಳೆದುಕೊಂಡಿದ್ದರೆ ಅದು ನಿಷ್ಪ್ರಯೋಜಕ. ಬಟ್ಟಲಿನ ಕೆಳಅಂಚು ತಾಗಿ ತಾಗಿ ಹೆಗಲೆಲುಬು ಕೊರೆದುಹೋಗುವುದು ಸಾಮಾನ್ಯವಾಗಿ ಕಂಡುಬಂದಿತು. ಐದರಿಂದ ಹತ್ತು ವರ್ಷಗಳವರೆಗೆ 80 ಕೀಲುಗಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನವು, ಕೆಲವು ವರ್ಷಗಳ ನಂತರ ತೋಳಿನ ಸಾಮರ್ಥ್ಯ ಇಳಿಯುವುದನ್ನು ಕಂಡು, ಎಪ್ಪತ್ತು ದಾಟಿದ ಮತ್ತು ಭುಜದಿಂದ ಹೆಚ್ಚು ದುಡಿಮೆ ಬಯಸದ ರೋಗಿಗಳಿಗೆ ಇದನ್ನು ಮೀಸಲಿಡುವುದು ಲೇಸೆಂದು ಹೇಳಿತು. ಮುಂದೆ ವಿನ್ಯಾಸಗಳು ಸುಧಾರಿಸಿದಂತೆ ಆ ವಯಸ್ಸಿನ ಗೆರೆ ಸಡಿಲವಾಯಿತು.

ನಿರ್ಧಾರಕ್ಕೆ ನೆರವಾಗುವ ಪರೀಕ್ಷೆಗಳೂ ಇದೇ ಕಾಲದಲ್ಲಿ ರೂಪುಗೊಂಡವು. ಹರಿದ ಸ್ನಾಯುವಿನಲ್ಲಿ ಮಾಂಸದ ಜಾಗವನ್ನು ಕೊಬ್ಬು ಎಷ್ಟರಮಟ್ಟಿಗೆ ಆಕ್ರಮಿಸಿದೆ ಎಂಬುದನ್ನು ಸಿ.ಟಿ. ಚಿತ್ರದಿಂದ ಅಳೆಯುವ ಕ್ರಮವನ್ನು ಫ್ರಾನ್ಸಿನ ಗುತಾಲಿಯೆ 1994ರಲ್ಲಿ ಪ್ರಕಟಿಸಿದರು. ಕೊಬ್ಬು ತುಂಬಿದ ಸ್ನಾಯುವನ್ನು ಹೊಲಿದರೂ ಅದು ಮತ್ತೆ ದುಡಿಯದಾದ್ದರಿಂದ, ಸಾಮಾನ್ಯ ಕೀಲು ಸಾಕೋ ತಿರುವುಮುರುವಿನ ಕೀಲು ಬೇಕೋ ಎಂಬುದನ್ನು ಈ ಅಳತೆ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಶಸ್ತ್ರಚಿಕಿತ್ಸೆಯೇ ಬೇಡವೆನ್ನುವ ಪಕ್ಷಕ್ಕೂ ಪುರಾವೆ ಒದಗಿತು. ತೋಳೆಲುಬಿನ ಮೇಲ್ತುದಿ ಮುರಿದು ತುಂಡುಗಳು ಸರಿದಿದ್ದ 250 ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಜೋಳಿಗೆಪಟ್ಟಿ ಮತ್ತು ವ್ಯಾಯಾಮವನ್ನೂ ಕೊಟ್ಟ ಬ್ರಿಟನ್ನಿನ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಕೊನೆಯಲ್ಲಿ ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಆದರೆ 65ರಿಂದ 85 ವಯಸ್ಸಿನವರ ತೀವ್ರ ಮುರಿತಗಳಲ್ಲಿ ತಿರುವುಮುರುವಿನ ಕೀಲು ಲೋಹದ ಪಟ್ಟಿ ಮತ್ತು ಸ್ಕ್ರೂಗಳ ಜೋಡಣೆಗಿಂತ ಮೇಲೆಂದು ನಾರ್ವೆಯ ಅಧ್ಯಯನವೊಂದು 2020ರಲ್ಲಿ ತೋರಿಸಿತು. ಈ ಎರಡನ್ನೂ ಒಟ್ಟಿಗೆ ಓದಿದಾಗ, ಎರಡು ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕೂ ಶಸ್ತ್ರಚಿಕಿತ್ಸೆ ಬೇಕೇ ಎಂದು ಕೇಳುವುದಕ್ಕೂ ಇರುವ ದೂರ ಅರಿವಾಗುತ್ತದೆ.

ಫಲಿತಾಂಶವನ್ನು ಅಳೆಯುವಾಗ ರೋಗಿಯ ಮಾತಿಗೆ ಸ್ಥಾನ ದೊರೆತದ್ದು ತಡವಾಗಿ. 1987ರ ಕಾನ್‌ಸ್ಟಂಟ್ ಅಂಕಪದ್ಧತಿಯಲ್ಲಿ 100ರಲ್ಲಿ 65 ಅಂಕಗಳು ವೈದ್ಯನು ಅಳೆಯುವ ಚಲನೆ ಮತ್ತು ಬಲಕ್ಕೆ ಮೀಸಲಾಗಿದ್ದವು, ನೋವಿಗೆ ಸಿಕ್ಕಿದ್ದು 15 ಮಾತ್ರ; 1996ರಲ್ಲಿ ಬಂದ ಆಕ್ಸ್‌ಫರ್ಡ್ ಪದ್ಧತಿಯಲ್ಲಿ ಮಾತ್ರ ಹನ್ನೆರಡೂ ಪ್ರಶ್ನೆಗಳಿಗೆ ರೋಗಿಯೇ ಉತ್ತರಿಸಬೇಕಾಗಿತ್ತು. ಕಾಡ್ಮನ್ ಬಯಸಿದ್ದ ದೀರ್ಘಕಾಲದ ದಾಖಲೆಗಳೂ ನಾರ್ವೆ, ಸ್ವೀಡನ್, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಕ್ರಮೇಣ ಸಿದ್ಧವಾದವು. ಇಂಗ್ಲೆಂಡಿನಲ್ಲಿ 1998ರಿಂದ 2017ರವರೆಗೆ ನಡೆದ 58,054 ಭುಜದ ಕೀಲು ಬದಲಾವಣೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 55ರಿಂದ 59 ವಯಸ್ಸಿನ ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಿತಾವಧಿಯಲ್ಲಿ ಮತ್ತೊಮ್ಮೆ ಕೀಲನ್ನು ಬದಲಿಸಬೇಕಾಗುತ್ತದೆ, 85 ದಾಟಿದ ಹೆಂಗಸರಲ್ಲಿ ಆ ಪ್ರಮಾಣ 37ರಲ್ಲಿ ಒಬ್ಬರಿಗೆ ಇಳಿಯುತ್ತದೆ. 85 ದಾಟಿದ ಗಂಡಸರಲ್ಲಿ ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಗಂಭೀರ ತೊಡಕಿಗೆ ಒಳಗಾಗುತ್ತಾರೆ. ಔಷಧ, ವ್ಯಾಯಾಮ ಮತ್ತು ಚುಚ್ಚುಮದ್ದುಗಳಿಂದ ನೋವು ಇಳಿಯದೆ, ರಾತ್ರಿಯ ನಿದ್ದೆ ಕೆಡುವ ಹಂತ ತಲುಪಿದ ರೋಗಿಗೆ ಈ ಶಸ್ತ್ರಚಿಕಿತ್ಸೆ ನಿಜವಾದ ಬಿಡುಗಡೆಯನ್ನು ಕೊಡಬಲ್ಲದು. ಆದರೆ ಎಕ್ಸ್-ರೇ ಚಿತ್ರದಲ್ಲಿ ಕೀಲು ಸವೆದಿದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಮುಂದಾಗುವುದು ಸಲ್ಲದು, ಮತ್ತು ತನ್ನ ವಯಸ್ಸಿಗೆ ಈ ಅಂಕಿಗಳು ಏನು ಹೇಳುತ್ತವೆ ಎಂಬುದನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ವೈದ್ಯರಲ್ಲಿ ಕೇಳಿ ತಿಳಿಯುವುದು ಪ್ರತಿಯೊಬ್ಬ ರೋಗಿಯ ಹಕ್ಕು.