ಬೆರಳಿನಿಂದ ನೋಡಿದ ಚಿತ್ರಗಾರ

ಶಾಂತಿನಿಕೇತನದ ಹಿಂದಿ ಭವನದೊಳಗೆ ಹೋದವರು ಸ್ವಲ್ಪ ತಲೆ ಎತ್ತಿ ನೋಡಬೇಕು. ಮೂರು ಗೋಡೆಗಳ ಮೇಲ್ಭಾಗದಲ್ಲಿ, ಒಟ್ಟು ಮುಕ್ಕಾಲು ನೂರು ಅಡಿಗೂ ಹೆಚ್ಚು ಉದ್ದಕ್ಕೆ, ಮಧ್ಯಯುಗದ ಸಂತರ ಬದುಕು ನದಿಯಂತೆ ಹರಿದಿದೆ. 1946–47ರಲ್ಲಿ ಇದನ್ನು ರಚಿಸಿದ ಕಲಾವಿದರಿಗೆ ಒಂದು ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಇನ್ನೊಂದು ಕಣ್ಣಿಗೆ ತೀರಾ ಹತ್ತಿರ ಹಿಡಿದದ್ದು ಮಾತ್ರ ಸ್ಪಷ್ಟ. ಚಿತ್ರ ಮುಗಿದ ಸುಮಾರು ಹತ್ತು ವರ್ಷಗಳಲ್ಲಿ ಆ ಉಳಿದ ನೋಟವೂ ಹೋಯಿತು. ಆದರೂ ಅವರು ಚಿತ್ರ ಬಿಡಲಿಲ್ಲ, ಪಾಠವನ್ನೂ ಬಿಡಲಿಲ್ಲ.

ಅವರೇ ಬಿನೋದ ಬಿಹಾರಿ ಮುಖರ್ಜಿ. ಬಂಗಾಳದ ಹೊರಗೆ ಅವರ ಹೆಸರು ಗುರು ನಂದಲಾಲ್ ಬೋಸ್ ಮತ್ತು ಸಹೋದ್ಯೋಗಿ ರಾಮ್‌ಕಿಂಕರ್ ಬೈಜ್ ಅವರ ಹೆಸರುಗಳಷ್ಟು ಕೇಳಿಬರುವುದಿಲ್ಲ. ಮಾರಾಟದ ಗದ್ದಲದಿಂದ ದೂರವಿದ್ದವರು. ಅವರ ಅತ್ಯುತ್ತಮ ಕೆಲಸ ಇರುವುದೋ ಕಟ್ಟಡಗಳ ಗೋಡೆ ಮತ್ತು ಸೂರಿನ ಮೇಲೆ. ಅದನ್ನು ಹೊತ್ತು ಊರೂರಿಗೆ ಪ್ರದರ್ಶನಕ್ಕೆ ಒಯ್ಯುವುದು ಹೇಗೆ?

1904ರಲ್ಲಿ ಕಲ್ಕತ್ತೆಯ ಬೆಹಾಲಾದಲ್ಲಿ ಜನಿಸಿದ ಬಿನೋದ ಬಿಹಾರಿಗೆ ದೃಷ್ಟಿದೋಷ ಹುಟ್ಟಿನಿಂದಲೇ ಬಂದದ್ದು. ಎಲ್ಲ ಮಕ್ಕಳಂತೆ ಶಾಲೆಯಲ್ಲಿ ಕೂತು ಕಲಿಯುವುದು ಕಷ್ಟವಾಯಿತು. 1917ರಲ್ಲಿ ಶಾಂತಿನಿಕೇತನ ಸೇರಿದರು. ಎರಡು ವರ್ಷಗಳ ನಂತರ ರವೀಂದ್ರನಾಥ ಠಾಕೂರರು ಕಲಾಭವನ ತೆರೆದಾಗ ಅಲ್ಲಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ಕಣ್ಣು ಸರಿಯಿಲ್ಲದ ಹುಡುಗ ಚಿತ್ರಕಲೆ ಕಲಿಯುವುದೆಂದರೆ ಗುರುಗಳಿಗೂ ಅನುಮಾನ ಬರುವುದು ಸಹಜವೇ. ಹುಡುಗನಿಗೆ ಆಸಕ್ತಿ ಇದ್ದರೆ ಕಲಿಯಲಿ ಎಂಬುದು ಠಾಕೂರರ ನಿಲುವಾಗಿತ್ತು ಎನ್ನುತ್ತಾರೆ. 1925ರ ಹೊತ್ತಿಗೆ ಆ ವಿದ್ಯಾರ್ಥಿ ಅಲ್ಲಿಯೇ ಅಧ್ಯಾಪಕ.

ಪುರಾಣದ ಪ್ರಸಂಗಗಳನ್ನು ಚಿತ್ರಿಸುವುದೇ ಭಾರತೀಯತೆ ಎಂದು ಬಂಗಾಳದ ಅನೇಕ ಕಲಾವಿದರು ನಂಬಿದ್ದ ಕಾಲ ಅದು. ಬಿನೋದ ಬಿಹಾರಿ ಬೀರ್‌ಭೂಮ್ ಜಿಲ್ಲೆಯ ಕೆಂಪು ಮಣ್ಣು, ಮಳೆ ಕೊರೆದ ಕೊರಕಲು, ಒಂಟಿ ಮರಗಳನ್ನು ಚಿತ್ರಿಸಿದರು. 1937–38ರಲ್ಲಿ ಜಪಾನ್‌ಗೆ ಹೋಗಿ ಅಲ್ಲಿನ ಹಳೆಯ ಚಿತ್ರಗಳನ್ನು ಹತ್ತಿರದಿಂದ ಕಂಡು ಬಂದರು. 1940ರಲ್ಲಿ ಕಲಾಭವನದ ವಿದ್ಯಾರ್ಥಿನಿಲಯದ ಒಳಸೂರಿನ ಮೇಲೆ ಒಂದು ಕೊಳ, ಅದರ ಸುತ್ತ ಮರಗಳು, ದನಕರು, ಹಳ್ಳಿಯ ಜನ ಹೀಗೆ ಇಡೀ ಗ್ರಾಮವನ್ನೇ ಹರಡಿದರು. ಇದರಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬುದಿಲ್ಲ. ಯಾವ ಮೂಲೆಯಲ್ಲಿ ನಿಂತರೂ ಚಿತ್ರ ಅಲ್ಲಿಂದಲೇ ಶುರು.

ಹಿಂದಿ ಭವನದ ಚಿತ್ರದ ವಿಧಾನ ಫ್ರೆಸ್ಕೊ. ಅಂದರೆ ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ದಿನ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ತಪ್ಪಿದರೆ ಅಳಿಸುವಂತಿಲ್ಲ, ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಸಾಮಾನ್ಯವಾಗಿ ಕಲಾವಿದರು ಗೋಡೆಯಷ್ಟೇ ದೊಡ್ಡ ನಕ್ಷೆ ಮಾಡಿಕೊಂಡು ಅದನ್ನು ಗಾರೆಯ ಮೇಲೆ ಮೂಡಿಸಿಕೊಳ್ಳುತ್ತಾರೆ. ಬಿನೋದ ಬಿಹಾರಿ ಅಂಥ ನಕ್ಷೆ ಮಾಡಲಿಲ್ಲ. ಸಣ್ಣ ರೇಖಾಚಿತ್ರಗಳ ಆಧಾರದಿಂದ ನೇರವಾಗಿ ಗೋಡೆಯ ಮೇಲೆ ಬರೆದರು. ಹಿಂದೆ ಸರಿದು ನಿಂತು ಇಡೀ ಚಿತ್ರ ಹೇಗೆ ಬಂದಿದೆ ಎಂದು ನೋಡುವುದು ಅವರಿಗೆ ಸಾಧ್ಯವಿರಲಿಲ್ಲ ಎಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ. ಇಡೀ ಗೋಡೆ ಅವರ ಮನಸ್ಸಿನಲ್ಲಿತ್ತು ಎನ್ನದೆ ವಿಧಿಯಿಲ್ಲ. ನೆರವಿಗಿದ್ದವರಲ್ಲಿ ಪತ್ನಿ ಲೀಲಾ ಮತ್ತು ಕೇರಳ ಮೂಲದ ವಿದ್ಯಾರ್ಥಿ ಕೆ.ಜಿ. ಸುಬ್ರಮಣ್ಯನ್ ಇದ್ದರು.

ಚಿತ್ರದಲ್ಲಿ ರಾಮಾನುಜರು, ಕಬೀರ, ತುಳಸೀದಾಸ, ಗುರು ಗೋವಿಂದಸಿಂಗ್ ಬರುತ್ತಾರೆ. ಕುರುಡ ಕವಿ ಸೂರದಾಸರೂ ಇದ್ದಾರೆ! ಸಂತರ ತಲೆಯ ಹಿಂದೆ ಪ್ರಭಾವಳಿ ಇಟ್ಟು ಅವರನ್ನು ಬೇರೆ ಕೂರಿಸಿಲ್ಲ. ಬೀದಿಯ ಜನ, ದುಡಿಯುವವರು, ತಾಯಂದಿರ ನಡುವೆಯೇ ಅವರೂ ಸಾಗಿದ್ದಾರೆ. 1946ರ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ಹಿಂದೂ–ಮುಸ್ಲಿಮರ ನಡುವೆ ಭೀಕರ ಗಲಭೆ ನಡೆದು ಸಾವಿರಾರು ಜನ ಸತ್ತರು. ಈ ಗೋಡೆಯಲ್ಲಿ ಕಬೀರ ಮೂಡಿದ್ದು ಆ ದಿನಗಳಲ್ಲಿ.

1949ರಲ್ಲಿ ಅವರು ಕಲಾಭವನ ಬಿಟ್ಟರು. ನೇಪಾಳದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ರಾಜಸ್ಥಾನದ ಬನಸ್ಥಲಿ, ಮಸ್ಸೂರಿ ಎಂದು ಕೆಲವು ವರ್ಷ ಅಲೆದರು. ಐವತ್ತರ ಆಸುಪಾಸಿನಲ್ಲಿ ದೆಹಲಿಯಲ್ಲಿ ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ನಡೆಯಿತು. ಅದು ಫಲಿಸಲಿಲ್ಲ, ಪೂರ್ತಿ ಕತ್ತಲೆ.

ಚಿತ್ರಗಾರನ ಕಥೆ ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಅವರು ಶಾಂತಿನಿಕೇತನಕ್ಕೆ ಮರಳಿದರು, ಈ ಬಾರಿ ಕಲಾತತ್ತ್ವ ಬೋಧಿಸಲು. ದೇಶವಿದೇಶಗಳ ಚಿತ್ರಪರಂಪರೆಯನ್ನು ದಶಕಗಳ ಕಾಲ ಓದಿ, ಪುಸ್ತಕವನ್ನು ಕಣ್ಣಿಗೆ ಒತ್ತಿಹಿಡಿದು ನೋಡಿದ್ದು ಈಗ ನೆನಪಿನ ಬಂಡವಾಳವಾಯಿತು. ಮನೆಯಲ್ಲಿ ಮೇಣದಿಂದ ಪುಟ್ಟ ಬೊಂಬೆಗಳನ್ನು ಮಾಡಿದರು, ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಬಾಯಲ್ಲಿ ಹೇಳಿ ಪುಸ್ತಕ ಬರೆಸಿದರು. ಅನುಕಂಪದಿಂದ ಮೆಚ್ಚಬೇಕಾದ ಕೆಲಸಗಳಲ್ಲ ಇವು. ಮೊದಲಿನ ಚಿತ್ರಗಳಲ್ಲಿ ಕಾಣದ ಒಂದು ಬಗೆಯ ಸಲೀಸು ಆ ಕಾಗದದ ಆಕೃತಿಗಳಲ್ಲಿದೆ.

ಅವರ ಶಿಷ್ಯರಲ್ಲಿ ಸತ್ಯಜಿತ್ ರೇ ಕೂಡ ಒಬ್ಬರು. 1940ರಿಂದ ಎರಡು ವರ್ಷ ಕಲಾಭವನದಲ್ಲಿದ್ದ ರೇ, 1972ರಲ್ಲಿ ಗುರುವಿನ ಮೇಲೆ ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಇನ್ನೊಬ್ಬ ಶಿಷ್ಯ ಸುಬ್ರಮಣ್ಯನ್ 1951ರಿಂದ ಬರೋಡಾದಲ್ಲಿ ಪಾಠ ಹೇಳಿ ಒಂದು ಪೀಳಿಗೆಯನ್ನೇ ಬೆಳೆಸಿದರು. ನಮ್ಮ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು ಆಮೇಲೆ ಶಾಂತಿನಿಕೇತನಕ್ಕೆ ಹೋದವರು.  ಬಿನೋದ ಬಿಹಾರಿ ಅವರ ನಿಧನ 1980ರಲ್ಲಿ. ಮಗಳು ಮೃಣಾಲಿನಿ ಮುಖರ್ಜಿ ಸೆಣಬಿನ ಹಗ್ಗ ಗಂಟುಹಾಕಿ ಆಳೆತ್ತರದ ಶಿಲ್ಪಗಳನ್ನು ಮಾಡಿ ಹೆಸರಾದರು.

ರೇ ಚಿತ್ರೀಕರಣ ನಡೆಸಿದ ಹೊತ್ತಿನಲ್ಲೇ ಬಿನೋದ ಬಿಹಾರಿ ಕಲಾಭವನದ ಒಂದು ಹೊರಗೋಡೆಗೆ ಸೆರಾಮಿಕ್ ಬಿಲ್ಲೆಗಳ ಭಿತ್ತಿಚಿತ್ರ ರೂಪಿಸುತ್ತಿದ್ದರು. ಕಾಗದ ಮಡಚಿ, ಬೆರಳಿನಿಂದ ಸವರಿ, ಆಕಾರ ನಿರ್ಧರಿಸಿ ವಿದ್ಯಾರ್ಥಿಗಳಿಗೆ ಕೊಡುವುದು. ಅವರು ಅದರಂತೆ ಬಿಲ್ಲೆಗಳನ್ನು ಜೋಡಿಸುವುದು. ಕಪ್ಪು ಕನ್ನಡಕದ, ಅರವತ್ತೆಂಟರ ಮೇಷ್ಟರು ಗೋಡೆಯ ಹತ್ತಿರ ಬಂದು ಬಿಲ್ಲೆಗಳ ಅಂಚನ್ನು ತಡವಿ ನೋಡುತ್ತಿದ್ದರು.