ಎಲೈಜಾಳ ಮುಂದೆ ತೆರೆದ ಮನಸ್ಸು

ಮನಸ್ಸಿನ ದುಗುಡವನ್ನು ಯಾರಲ್ಲಿ ಹೇಳಿಕೊಳ್ಳುವುದು? ಹೆಂಗಸರಾದ ನಮಗೆ ಇದು ಹೊಸ ಪ್ರಶ್ನೆಯೇನಲ್ಲ. ಯಂತ್ರದ ಮುಂದೆ ಹೇಳಿಕೊಂಡ ಹೆಂಗಸೊಬ್ಬಳ ಕಥೆಯೂ ಇತಿಹಾಸದಲ್ಲಿದೆ.

ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಲೋಕಕ್ಕೆ ಪರಿಚಯಿಸಿದರು. ಬರ್ನಾರ್ಡ್ ಷಾ ನಾಟಕದ ಹೂ ಮಾರುವ ಹುಡುಗಿಯ ಹೆಸರು ಅದು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ‘ಅಮ್ಮ’ ಎಂದು ಟೈಪು ಮಾಡಿದರೆ ಮನೆಯವರ ವಿಷಯ ಕೇಳುವುದು, ನಮ್ಮ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿಸುವುದು, ಅಷ್ಟೆ.

ವೈಜೆನ್‌ಬಾಮ್ ಅವರ ಕಾರ್ಯದರ್ಶಿಗೆ ಇದೆಲ್ಲ ಗೊತ್ತಿತ್ತು. ಅದು ತಯಾರಾಗುವುದನ್ನು ಅವಳು ತಿಂಗಳುಗಟ್ಟಲೆ ಕಂಡಿದ್ದಳು. ಆದರೂ ಅದರೊಡನೆ ನಾಲ್ಕು ಮಾತಾಡುವಷ್ಟರಲ್ಲಿ, ‘ಸ್ವಲ್ಪ ಹೊರಗಿರುತ್ತೀರಾ?’ ಎಂದು ಅವರನ್ನೇ ಕೇಳಿಕೊಂಡಳು! ಮುಂದೆ ಮನೋರೋಗಿಗಳ ಚಿಕಿತ್ಸೆಯನ್ನೂ ಇಂಥ ಯಂತ್ರಕ್ಕೆ ಒಪ್ಪಿಸಬಹುದೆಂದು ಕೆಲವು ವೈದ್ಯರು ಉತ್ಸಾಹಪಟ್ಟರು.

ವೈಜೆನ್‌ಬಾಮ್ ಬೆಚ್ಚಿದರು. ಬಾಲ್ಯದಲ್ಲೇ, 1936ರಲ್ಲಿ, ಹಿಟ್ಲರನ ಜರ್ಮನಿಯನ್ನು ಬಿಟ್ಟುಬಂದ ಯಹೂದಿ ಕುಟುಂಬದವರು ಅವರು. 1976ರಲ್ಲಿ ಪುಸ್ತಕವನ್ನೇ ಬರೆದು ಎಚ್ಚರಿಸಿದರು: ಯಂತ್ರ ಏನು ಮಾಡಬಲ್ಲದು ಎಂಬುದಷ್ಟೇ ಪ್ರಶ್ನೆಯಲ್ಲ, ಅದಕ್ಕೆ ಏನನ್ನು ಒಪ್ಪಿಸಬಾರದು ಎಂಬುದೂ ಪ್ರಶ್ನೆ. ಜೊತೆಯ ವಿಜ್ಞಾನಿಗಳು ಕೆಲವರು ಇದನ್ನು ಬರಿಯ ನೀತಿಬೋಧೆ ಎಂದು ತಳ್ಳಿಹಾಕಿದರು. 2008ರಲ್ಲಿ ಅವರು ತೀರಿಕೊಂಡರು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಿತು.

ಆ ಕಾರ್ಯದರ್ಶಿಯನ್ನು ನಾನು ದಡ್ಡಿ ಎನ್ನಲಾರೆ. ಕೇಳುವ ಕಿವಿ ಯಾರಿಗೆ ಬೇಡ? ಆದರೆ ಇಂದು ಫೋನಿಗೆ ಹೇಳಿಕೊಂಡ ಗುಟ್ಟು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯಬಹುದು. ಅದಕ್ಕೆ ಕಾನೂನು ಬೇಕು, ನಾವೆಲ್ಲ ಸೇರಿ ಕೇಳಲೂ ಬೇಕು. ಅಲ್ಲಿಯತನಕ, ಮಕ್ಕಳು ‘ಅಮ್ಮಾ’ ಎಂದು ಬಂದಾಗ ಕೈಯಲ್ಲಿನ ಕೆಲಸ ಬಿಟ್ಟು ಎರಡು ನಿಮಿಷ ಕೂತು ಕೇಳೋಣ.